ಹೀರಾಬಾಯಿ ತುಂಬಿದ ಲಾರಿ

ಕಲ್ಲು ಒಡೆಯಲಿಲ್ಲವೆಂದು ಹೀರಾಬಾಯಿ ಬೈಸಿಕೊಂಡದ್ದು ಅವಳ ಬಾಳಿನಲ್ಲಿ ಅದೇ ಮೊದಲು.

ಒಡೆದದ್ದಕ್ಕೆ ಬೈಸಿಕೊಂಡದ್ದು ಬೇಕಾದಷ್ಟಿತ್ತು. ಶಹಾಬಾದದಿಂದ ರಾವೂರಿನ ಕಡೆ ಹೋಗುವ ದಾರಿಯ ಬದಿಗೆ ಸಿದ್ಧಲಿಂಗ ಸಾವ್ಕಾರನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಳ. ಖಣಿಯಿಂದ ಬಂದ ಕಲ್ಲನ್ನು ಅಲ್ಲಿ ಕೊಯ್ಯುತ್ತಾರೆ, ಉಜ್ಜಿ ನುಣುಪು ಮಾಡುತ್ತಾರೆ, ಲಾರಿಗೆ ತುಂಬುತ್ತಾರೆ. ತುಂಬುವ ಹೆಣ್ಣಾಳುಗಳಲ್ಲಿ ಹೀರಾಬಾಯಿಯೇ ಹಿರಿಯಳು. ಅವಳ ಗಂಡನ ಮನೆಯವರು ಕಾಗಿಣಾ ಹೊಳೆಯಲ್ಲಿ ದೋಣಿ ನಡೆಸಿದವರು. ಹೊಳೆಗೆ ಸೇತುವೆ ಬಂತು, ದೋಣಿ ದಂಡೆಗೆ ಬಿದ್ದು ಮುಗ್ಗಿತು, ಮನೆಮಂದಿ ಕಲ್ಲಿಗೆ ಬಂದರು. ಗಂಡ ಕಲ್ಲಿನ ಧೂಳು ಕುಡಿದು ಕೆಮ್ಮಿ ಕೆಮ್ಮಿ ಹೋದ. ಹೀರಾಬಾಯಿ ತಲೆಗೆ ಸಿಂಬಿ ಸುತ್ತಿಕೊಂಡು ಉಳಿದಳು. ಈಗ ಅವಳ ಕುತ್ತಿಗೆ ಎಡಕ್ಕೆ ತುಸು ವಾಲಿದೆ. ಯಾರನ್ನು ನೋಡಿದರೂ ಅನುಮಾನದಿಂದ ನೋಡಿದ ಹಾಗೆ ಕಾಣುತ್ತದೆ. ಅದರಲ್ಲಿ ಅರ್ಧ ಕುತ್ತಿಗೆಯ ದೋಷ, ಇನ್ನರ್ಧ ಖರೆ ಅನುಮಾನವೇ.

ಫರಸಿ ತುಂಬುವುದಕ್ಕೆ ಒಂದು ರೀತಿಯಿದೆ. ಕಲ್ಲನ್ನು ಮಲಗಿಸುವುದಿಲ್ಲ, ನಿಲ್ಲಿಸುತ್ತಾರೆ. ಗೋಡೆಗೆ ಒರಗಿಸಿದ ತಾಟುಗಳ ಹಾಗೆ ಒಂದರ ಬೆನ್ನಿಗೊಂದು. ನಡುನಡುವೆ ಜೋಳದ ಒಣ ದಂಟು, ಕಣಕಿ, ತುರುಕುತ್ತಾರೆ. ಕೊನೆಗೆ ಹೀರಾಬಾಯಿ ಲಾರಿ ಹತ್ತಿ ಅಂಗೈಯಿಂದ ಒಂದೊಂದು ಸಾಲನ್ನೂ ನೂಕಿ ನೋಡುತ್ತಾಳೆ. ಅಲುಗಿದರೆ ಬಿಚ್ಚಿ ಮತ್ತೆ ತುಂಬಬೇಕು. ಮಲಗಿಸಿದರೆ ಕೆಳಗಿನ ಕಲ್ಲು ಮೇಲಿನದರ ಭಾರಕ್ಕೆ ದಾರಿಯ ಮೊದಲ ಕುಣಿಯಲ್ಲೇ ಎರಡಾಗುತ್ತದೆ. ಹಿಂದೆ ಒಂದು ಮೂಲೆ ಮುಕ್ಕಾದರೂ ಸಾವ್ಕಾರ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದ. "ನಿಮ್ಮ ಕೈಗೇನು ಲಕ್ವಾ ಹೊಡದದೇನ" ಎನ್ನುತ್ತಿದ್ದ.

ಆ ಬೇಸಿಗೆ ಗಡಿಯಲ್ಲಿ ಯುದ್ಧ ಹತ್ತಿತು. ಸಾವ್ಕಾರ ಆಫೀಸಿನ ಟಿವಿ ಆರಿಸಲೇ ಇಲ್ಲ. ಗೇಟಿನ ಮೇಲೆ ಬಾವುಟ ಏರಿಸಿದ. ದಂಡಿನವರಿಗೆ ಗಡಿಯಲ್ಲಿ ಅವಸರದಿಂದ ಕೋಣೆಗಳಾಗಬೇಕು, ಕೋಣೆಗೆ ನೆಲ ಹಾಸಬೇಕು, ನೆಲಕ್ಕೆ ಫರಸಿ ಬೇಕು. ಪುಣೆಯ ದೊಡ್ಡ ಠೇಕೇದಾರನೊಬ್ಬ ಆ ಕೆಲಸ ಹಿಡಿದಿದ್ದ. ಕಲ್ಲು ಕಳಿಸುವುದು ಸಿದ್ಧಲಿಂಗ ಸಾವ್ಕಾರನ ಪಾಲಿಗೆ ಬಂತು. ಯುದ್ಧ ನಿಲ್ಲುತ್ತದಂತೆ ಎಂದು ಸುದ್ದಿ ಬಂದ ದಿನ ಅಂಗಳದ ಹೆಂಗಸರು ಸಮಾಧಾನದ ಉಸಿರು ಬಿಟ್ಟರು. ಸಾವ್ಕಾರ ಮಧ್ಯಾಹ್ನದ ರೊಟ್ಟಿ ಬಿಟ್ಟ. ನಿಂತರೂ ಕೋಣೆ ಕಟ್ಟುವುದು ನಿಲ್ಲುವುದಿಲ್ಲವಂತೆ ಎಂದು ಮರುದಿನ ಪುಣೆಯಿಂದ ಫೋನು ಬಂತು. ಅವತ್ತು ಎಲ್ಲರಿಗೂ ಚಹ, ಮೇಲೊಂದು ಭಜಿ.

ಮೊದಲ ಲಾರಿಯನ್ನು ಹೀರಾಬಾಯಿ ಎಂದಿಗಿಂತ ಹೆಚ್ಚು ಜೋಪಾನದಿಂದ ತುಂಬಿಸಿದಳು. ದೂರದ ದಾರಿ. ಅಲ್ಲಿ ಯಾವನೋ ಒಬ್ಬ ಹುಡುಗ ಬೂಟು ಬಿಚ್ಚಿ ಇದರ ಮೇಲೆ ಮಲಗುವವನು. ಲಾರಿ ಗಡಿ ಮುಟ್ಟಿತು. ಒಂದು ಕಲ್ಲೂ ಒಡೆದಿರಲಿಲ್ಲ. ಸಾವ್ಕಾರ ಆಫೀಸಿನಿಂದ ಹೊರಗೆ ಬಂದವನು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಹೀರಾಬಾಯಿ, ಏನ್ ತುಂಬೀದಿ ನೀನು?"

"ಯಾಕ್ರಿ, ಏನಾಯ್ತು?"

"ಏನೂ ಆಗಿಲ್ಲ. ಅದೇ ಕೇಳಾಕತ್ತೀನಿ. ಏನೂ ಯಾಕ ಆಗಿಲ್ಲ?"

ಹೀರಾಬಾಯಿ ಕುತ್ತಿಗೆ ವಾಲಿಸಿ ನೋಡಿದಳು. ಸಾವ್ಕಾರ ಮುಂದೆ ಹೇಳಲಾರದೆ, "ಬುದ್ಧಿ ಇಲ್ಲ ನಿಮಗ" ಎಂದು ಒಳಗೆ ಹೋದ. ಬಿಡಿಸಿ ಹೇಳುವ ಕೆಲಸ ಅವನ ಅಣ್ಣನ ಮಗ ಚನ್ನುವಿನ ಪಾಲಿಗೆ ಬಂತು. ಚನ್ನು ಅಂಗಳದ ಲೆಕ್ಕ ನೋಡುವವನು. ಬಿ.ಕಾಂ. ಓದಿದವನು, ಸ್ವಭಾವ ಒಳ್ಳೆಯದು, ಬೆನ್ನು ಮೆತ್ತಗೆ. ಮಧ್ಯಾಹ್ನ ಹೆಂಗಸರು ತಗಡಿನ ಶೆಡ್ಡಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಬಂದು ಕುಕ್ಕರಗಾಲಲ್ಲಿ ಕುಳಿತ.

"ಹೀರಕ್ಕ, ಇದು ಮೊದಲಿನ ಹಂಗ ವ್ಯಾಪಾರ ಅಲ್ಲ. ಯುದ್ಧದ ಠೇಕಾ. ನಮಗ ಎಷ್ಟು ಖರ್ಚ ಬರ್ತದ, ಅಷ್ಟು ಸರ್ಕಾರ ಕೊಡ್ತದ. ಆ ಖರ್ಚಿನ ಮ್ಯಾಲ ನೂರಕ್ಕ ಇಷ್ಟು ಅಂತ ಲಾಭ. ತಿಳೀತೇನು?"

"ಇಲ್ಲ."

"ಈಗ ನೋಡು, ನೀ ನನಗ ಚಾ ಮಾಡಿ ಕೊಡ್ತಿ. ಹಾಲು, ಸಕ್ರಿ, ಪುಡಿ, ಏನು ಖರ್ಚಾಗ್ತದೋ ಅದನ್ನ ನಾ ಕೊಡ್ತೀನಿ. ಮ್ಯಾಲ, ಆ ಖರ್ಚು ನೋಡಿ ನಿನಗೊಂದಿಷ್ಟು."

ಹೀರಾಬಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಹಂಗಾದ್ರ ನಾ ಮೊದಲನೇ ಚಾ ಚೆಲ್ಲತೀನಿ."

"ಹಾಂ," ಎಂದ ಚನ್ನು. ಎಂದ ಮೇಲೆ ನಾಚಿಕೊಂಡ.

"ಎರಡನೇದೂ ಚೆಲ್ಲತೀನಿ. ಮೂರನೇದು ನಿನಗ ಕೊಡ್ತೀನಿ, ಅದೂ ಆರಿದ ಮ್ಯಾಲ."

"ಇಷ್ಟು ಜಲ್ದಿ ನನಗೂ ತಿಳಿದಿದ್ದಿಲ್ಲ, ಹೀರಕ್ಕ."

ಹೆಂಗಸರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಲುಂಬಿನಿ. ಹೀರಾಬಾಯಿಯ ಜೋಡಿಯಲ್ಲಿ ಕಲ್ಲಿನ ಇನ್ನೊಂದು ತುದಿ ಹಿಡಿಯುವವಳು. ಇನ್ನೂ ಹರೆಯ ಹೋಗದವಳು, ಸಾವ್ಕಾರನ ನಡಿಗೆಯನ್ನು ಅವನಿಗಿಂತ ಚೆನ್ನಾಗಿ ನಡೆದು ತೋರಿಸುವವಳು. ಎದ್ದು ನಿಂತು ಹೊಟ್ಟೆ ಮುಂದೆ ಮಾಡಿ, "ಏನೂ ಯಾಕ ಆಗಿಲ್ಲ?" ಎಂದಳು. ತಾಜುನ್ನಿಸಾ ನೀರು ಕುಡಿಯುತ್ತಿದ್ದವಳು ಮೂಗಿಗೇರಿಸಿಕೊಂಡು ಕೆಮ್ಮಿದಳು.

"ಇಷ್ಟು ದಿನ ಒಡದ್ರ ನಮ್ಮ ಕೂಲಿ ಹಿಡಿದ್ರಿ," ಎಂದಳು ತಾಜುನ್ನಿಸಾ, ಕೆಮ್ಮು ನಿಂತ ಮೇಲೆ. "ಇನ್ನ ಒಡದ್ರ ಇನಾಮು ಕೊಡ್ತಾರೇನು?"

ಚನ್ನು ಎದ್ದು ಪ್ಯಾಂಟಿನ ಧೂಳು ಕೊಡವಿದ. ಇನಾಮಿನ ಮಾತು ಸಾವ್ಕಾರ ಎತ್ತಿರಲಿಲ್ಲ.

ಎರಡನೆಯ ಲಾರಿಗೆ ಸಾವ್ಕಾರ ಕಣಕಿ ತರಿಸಲಿಲ್ಲ. ಮಲಗಿಸಿ ತುಂಬಿರಿ ಎಂದ. ಹೆಂಗಸರು ಹ್ಞೂಂ ಎಂದರು. ಆದರೆ ಮಾಡಿದ್ದು ಬೇರೆ. ಬೇಕೆಂದು ಮಾಡಿದ್ದಲ್ಲ. ಕಲ್ಲು ಲಾರಿಯ ಹಲಗೆಗೆ ಮುಟ್ಟುತ್ತಲೂ ಹೀರಾಬಾಯಿಯ ಮಣಿಕಟ್ಟು ತಾನೇ ಹೊರಳಿ ಕಲ್ಲನ್ನು ನಿಲ್ಲಿಸಿಬಿಡುತ್ತಿತ್ತು. ಆಚೆ ತುದಿಯಲ್ಲಿ ಲುಂಬಿನಿಯ ಕೈಯೂ ಅದರ ಹಿಂದೆ ಹೊರಳುತ್ತಿತ್ತು. ಲಾರಿ ಅರ್ಧ ತುಂಬಿದ ಮೇಲೆ ನೋಡಿದರೆ ಎಲ್ಲ ಕಲ್ಲುಗಳೂ ಪಂಕ್ತಿಯಲ್ಲಿ ನಿಂತಿದ್ದವು. ಕಣಕಿಯಿಲ್ಲದ ಕಡೆ ಯಾರೋ ತಮ್ಮ ಹಳೆಯ ಸಿಂಬಿಯ ಬಟ್ಟೆಯನ್ನೂ ತುರುಕಿದ್ದರು.

ಸಾವ್ಕಾರ ಹಣೆಗೆ ಕೈ ಹಚ್ಚಿಕೊಂಡ. "ಮೋಸ ಮಾಡಂದ್ರೂ ನೆಟ್ಟಗ ಮಾಡಾಕ ಬರಂಗಿಲ್ಲಲ್ಲ ನಿಮಗ."

ಎಲ್ಲ ಇಳಿಸಬೇಕಾಯಿತು. ಇಳಿಸಿ, ಮತ್ತೆ ಎತ್ತಿ, ಮಲಗಿಸಿ ತುಂಬಬೇಕಾಯಿತು. ಸಾವ್ಕಾರ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕುಳಿತ. ಮೇಲಿನ ಕಲ್ಲು ಇಟ್ಟಾಗ ಕೆಳಗಿನದು ಸಣ್ಣಗೆ ಚಟ್ ಎನ್ನುತ್ತಿತ್ತು. ಹೀರಾಬಾಯಿಗೆ ಆ ಸಪ್ಪಳ ಹಲ್ಲಿನ ಬೇರಿಗೆ ತಾಗುತ್ತಿತ್ತು. ಸಾವ್ಕಾರನಿಗೆ ಅದು ಹಿತವಾಗಿ ಕೇಳುತ್ತಿದ್ದಿರಬೇಕು, ಪ್ರತಿ ಸಲವೂ ಕಾಲು ಅಲುಗಿಸುತ್ತಿದ್ದ. ಒಡೆದ ಕಲ್ಲಿನ ಬದಲು ಬೇರೆ ಕಲ್ಲು ಹೋಗುತ್ತಿತ್ತು, ಬೇರೆ ಲಾರಿ ಹೋಗುತ್ತಿತ್ತು. ಖಣಿಯೂ ಅವನದೇ. ಎರಡು ಸಲದ ಕಲ್ಲು, ಎರಡು ಸಲದ ಬಾಡಿಗೆ, ಎರಡಕ್ಕೂ ಲಾಭ. ಹೆಂಗಸರಿಗೆ ಮಾತ್ರ ಗಡಿ ಮುಟ್ಟಿದ ಲಾರಿಗೇ ಕೂಲಿ. ಇಳಿಸಿದ್ದಕ್ಕೆ ಇಲ್ಲ, ಮತ್ತೆ ಎತ್ತಿದ್ದಕ್ಕೆ ಇಲ್ಲ. ಸಂಜೆಗೆ ಬೆರಳುಗಳು ಮಡಚಲು ಬರುತ್ತಿರಲಿಲ್ಲ. ಕೈಯಲ್ಲಿ ರೊಟ್ಟಿ ಬಡಿಯಲಾರದೆ ತಾಜುನ್ನಿಸಾ ಅನ್ನಕ್ಕಿಡುತ್ತಿದ್ದಳು.

ಹೀಗೇ ವಾರಗಳು ಹೋದವು. ಈ ಕೆಲಸ ಬಿಟ್ಟರೆ ವಾಡಿಯ ಸಿಮೆಂಟು ಕಾರ್ಖಾನೆ, ಅಲ್ಲಿ ಹೆಂಗಸರನ್ನು ಕೇಳುವವರಿಲ್ಲ. ಹೀರಾಬಾಯಿ ಬಾಯಿ ಮುಚ್ಚಿಕೊಂಡು ಮಲಗಿಸಿದಳು.

ನುಣುಪು ಮಾಡಿದ ಕಲ್ಲಿನ ಮೇಲೆ ನುಣುಪು ಕಲ್ಲು ಮಲಗಿಸಿದರೆ ಅದು ಕೂಡುವುದಿಲ್ಲ, ಜಾರುತ್ತದೆ. ಒಂದು ಮುಂಜಾನೆ ಚಾಲಕ ಲಾರಿಯನ್ನು ತುಸು ಹಿಂದಕ್ಕೆ ತೆಗೆದ. ಲಾರಿಯ ಹಿಂಬದಿಯ ಬಾಯಿಯಲ್ಲಿ ಲುಂಬಿನಿ ನಿಂತಿದ್ದಳು. ಎದೆಯೆತ್ತರದ ರಾಶಿಯಿಂದ ಮೇಲಿನ ಕಲ್ಲು ಎಣ್ಣೆ ಹಚ್ಚಿದ ಹಾಗೆ ಸರಿದು ಅವಳ ಎಡಗಾಲಿನ ಮೇಲೆ ಅಂಚಾಗಿ ಇಳಿಯಿತು. ಕಾಲಿನ ಮೇಲೇ ಎರಡಾಯಿತು. ಲುಂಬಿನಿ ಕೆಳಗೆ ನೋಡಿದಳು. ಹವಾಯಿ ಚಪ್ಪಲಿ ಯಾವುದು, ಬೆರಳು ಯಾವುದು ತಿಳಿಯುತ್ತಿರಲಿಲ್ಲ.

ಸಪ್ಪಳ ಕೇಳಿ ಸಾವ್ಕಾರ ಹೊರಗೆ ಬಂದ. "ಒಡೀತೇನು?" ಎಂದ. ರೂಢಿ ಬಿದ್ದ ಬಾಯಿ. ಆಮೇಲೆ ರಕ್ತ ನೋಡಿದ, ಗೋಡೆ ಹಿಡಿದುಕೊಂಡ. ಆಟೋ ಕರೆಸಿದ. ಸರ್ಕಾರಿ ದವಾಖಾನೆಗೆ ಕಳಿಸಿದ. ಸಂಜೆಗೆ ಒಂದು ಬ್ರೆಡ್ಡು, ಒಂದು ಡಜನ್ ಬಾಳೆಹಣ್ಣು ಕಳಿಸಿದ.

ಡಾಕ್ಟರಮ್ಮ ಕಟ್ಟು ಬಿಚ್ಚಿ ನೋಡಿ ಹೀರಾಬಾಯಿಯನ್ನು ಹೊರಗೆ ಕರೆದಳು. "ಬೆರಳು ಕಪ್ಪಾಗಾಕತ್ತ್ಯಾವ. ಕಲಬುರ್ಗಿಯೊಳಗ ಒಬ್ಬರು ಆಪರೇಶನ್ ಮಾಡ್ತಾರ, ಖಾಸಗಿ. ಮೊದಲು ದುಡ್ಡು ಕಟ್ಟಬೇಕಾಗ್ತದ. ಇವತ್ತು ನಾಳಿ ಒಯ್ಯಲಿಲ್ಲ ಅಂದ್ರ ಪಾದ ಹೋಗ್ತದ."

ಹೀರಾಬಾಯಿ ಅಲ್ಲಿಂದ ನೇರ ಅಂಗಳಕ್ಕೆ ಬಂದಳು. ಸಾವ್ಕಾರ ಮನೆಗೆ ಹೋಗಿದ್ದ, ಚನ್ನು ಗೇಟಿನಲ್ಲಿ ಸಿಕ್ಕ. ಅವಳ ಮುಖ ನೋಡಿ ಏನಾದರೂ ಸಮಾಧಾನ ಹೇಳಬೇಕೆಂದು ಅನ್ನಿಸಿತೋ ಏನೋ, "ನುಕ್ಸಾನ ಏನಿಲ್ಲ ಹೀರಕ್ಕ, ಆ ಕಲ್ಲು ಹಿಡಿದೀನಿ ಖರ್ಚಿನ್ಯಾಗ" ಎಂದ.

"ಯಾವ ಕಲ್ಲು?"

"ಲುಂಬಿನಿ ಮ್ಯಾಲ ಬಿತ್ತಲ್ಲ, ಅದು." ಎಂದವನಿಗೆ ತಾನು ಏನು ಹೇಳಿದೆನೆಂದು ಆಮೇಲೆ ತಿಳಿಯಿತು. ತಲೆ ತಗ್ಗಿಸಿ ಮೊಬೈಲು ತೀಡತೊಡಗಿದ.

ಮರುದಿನ ಮುಂಜಾನೆ ಲಾರಿ ಬಂದು ನಿಂತಿತು. ಹೆಂಗಸರು ಬಂದು ನಿಂತರು. ಯಾರೂ ಸಿಂಬಿ ಸುತ್ತಲಿಲ್ಲ. ಸಾವ್ಕಾರ ಹಣೆಯ ತುಂಬ ವಿಭೂತಿ ಧರಿಸಿ ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದ. ಹೀರಾಬಾಯಿ ಮೆಟ್ಟಿಲ ಬುಡಕ್ಕೆ ಹೋದಳು.

"ಸಾವ್ಕಾರ್ರೆ, ಒಡದದ್ದಕ್ಕೆಲ್ಲ ಸರ್ಕಾರ ಕೊಡ್ತದ ಅಂದ್ರಿ."

"ಹೂಂ, ಕೊಡ್ತದ."

"ಲುಂಬಿನಿ ಕಾಲು ಒಡದದ. ಅದನ್ನೂ ಹಾಕ್ರಿ."

"ಅದು ಹಂಗ ಬರಂಗಿಲ್ಲವಾ. ಕಲ್ಲು ಬ್ಯಾರೆ, ಕಾಲು ಬ್ಯಾರೆ."

"ಹೌದು, ಬ್ಯಾರೆ. ಕಲ್ಲು ಇನ್ನೊಂದು ಸಿಗ್ತದ."

ಸಾವ್ಕಾರ ಮೆಟ್ಟಿಲಿಳಿದು ದನಿ ತಗ್ಗಿಸಿದ. "ನೋಡು ಹೀರಾಬಾಯಿ, ನನಗೇನು ಕರುಳಿಲ್ಲೇನು? ಬಾಳಿಹಣ್ಣು ಕಳಸಿಲ್ಲೇನು? ಆದ್ರ ದವಾಖಾನಿ ಖರ್ಚು ಕೊಟ್ಟೆ ಅಂದ್ರ, ಅಕಿ ಇಲ್ಲಿ ದುಡೀತಿದ್ದಳು ಅಂತ ಒಪ್ಪಿಕೊಂಡ್ಹಂಗ ಆಗ್ತದ. ನಾಳಿ ಇನ್ನೊಬ್ಬಾಕಿ ಬೆರಳು ತೋರಸ್ತಾಳ. ರೂಢಿ ಬೀಳ್ತದ."

"ಬೆರಳು ಹೋಗೋದು ರೂಢಿ ಬಿದ್ದದಲ್ಲರಿ. ಕೊಡೋದೂ ಬೀಳಲಿ."

"ಇದು ದೇಶದ ಕೆಲಸ. ಇದನ್ನ ತಡದ್ರ ದೇಶದ್ರೋಹ ಆಗ್ತದ, ಗೊತ್ತೇನು?"

"ದೇಶದ ಕಲ್ಲು ಇಷ್ಟು ದಿನ ನಿಮ್ಮ ಮಾತು ಕೇಳಿ ಒಡದೀವಿ, ಅದಕ್ಕೇನಂತಾರ?" ಹೀರಾಬಾಯಿ ಕೇಳಿದಳು. "ನಾವು ಕೆಲಸ ಬಿಡಂಗಿಲ್ರಿ. ತುಂಬತೀವಿ. ಲುಂಬಿನಿ ಮೊದಲು ಕಲಬುರ್ಗಿಗಿ ಹೋಗ್ಬೇಕು. ಆಮ್ಯಾಲ ತುಂಬತೀವಿ, ನಿಲ್ಲಿಸಿ. ಮಲಗಸಂಗಿಲ್ಲ. ಇವತ್ತಿಲ್ಲ, ನಾಳಿನೂ ಇಲ್ಲ."

ಸಾವ್ಕಾರ ಬೈದ. ಅಂಗಳಕ್ಕೆ ಮತ್ತೆ ಕಾಲಿಡಬೇಡಿರಿ ಎಂದ. ಅವಳ ಗಂಡ ಸತ್ತಾಗ ಕಟ್ಟಿಗೆ ತರಿಸಿದ್ದು ತಾನೆಂದು ಅನ್ನಬಾರದ್ದನ್ನೂ ಅಂದ. ಹೀರಾಬಾಯಿ ಕೇಳಿಸಿಕೊಂಡಳು. ತಗಡಿನ ಶೆಡ್ಡಿಗೆ ಹೋಗಿ ಕುಳಿತಳು. ತಾಜುನ್ನಿಸಾ ಹೋಗಿ ಪಕ್ಕಕ್ಕೆ ಕುಳಿತಳು. ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು.

ಚನ್ನು ಮೋಟರ್ ಸೈಕಲ್ಲಿನಲ್ಲಿ ವಾಡಿಗೆ ಹೋಗಿ, ಸ್ಟೇಷನ್ನಿನ ಹತ್ತಿರ ಕೆಲಸ ಕಾಯುತ್ತ ನಿಂತಿದ್ದ ಗಂಡಾಳುಗಳನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದ. ಸಿಮೆಂಟಿನ ಚೀಲ ಹೊತ್ತು ಬೆಳೆದ ದಪ್ಪ ಭುಜದವರು. ಫರಸಿಯನ್ನು ಚೀಲದ ಹಾಗೇ ಎತ್ತಿದರು, ಅಡ್ಡಡ್ಡ, ನಡುವಿಗೆ ಆಸರೆಯಿಲ್ಲದೆ. ಮೊದಲ ಕಲ್ಲು ಕೈಯಲ್ಲೇ ಎರಡಾಯಿತು.

"ಶಾಬ್ಬಾಸ್," ಎಂದ ಸಾವ್ಕಾರ. ಕಣ್ಣಲ್ಲಿ ಶೆಡ್ಡಿನ ಕಡೆ ನೋಡಿದ.

ಎರಡನೆಯದೂ ಎರಡಾಯಿತು. ಮೂರನೆಯದು ಮೂರಾಯಿತು. ಹೊತ್ತು ನೆತ್ತಿಗೆ ಬರುವುದರಲ್ಲಿ ಅಂಗಳದಲ್ಲಿ ಚೂರುಗಳ ಗುಡ್ಡೆ ಎದ್ದಿತ್ತು. ಲಾರಿಯ ಹಲಗೆ ಇನ್ನೂ ಕಾಣುತ್ತಿತ್ತು. ಸಾವ್ಕಾರನ ಶಾಬ್ಬಾಸ್ ಮೆಲ್ಲಗೆ ನಿಂತುಹೋಯಿತು.

"ಹೀರಕ್ಕ, ಒಡಿಯೋ ಕೆಲಸ ಭಾಳ ಛಲೋ ನಡದದ," ಎಂದಳು ತಾಜುನ್ನಿಸಾ ಎಲೆಗೆ ಸುಣ್ಣ ಹಚ್ಚುತ್ತ. "ತುಂಬೋದೇ ಯಾಕೋ ನಡದಿಲ್ಲ."

ವಾಡಿಯವರಲ್ಲಿ ಹಿರಿಯನೊಬ್ಬ ಬೆವರು ಒರೆಸಿಕೊಳ್ಳುತ್ತ ಶೆಡ್ಡಿಗೆ ನೀರು ಕೇಳಲು ಬಂದ. ನೀವ್ಯಾಕೆ ಕುಂತೀರಿ ಎಂದು ಕೇಳಿದ. ಹೀರಾಬಾಯಿ ಲುಂಬಿನಿಯ ಕಾಲಿನ ಸಂಗತಿ ಹೇಳಿದಳು. ಅವನು ನೀರು ಕುಡಿದ, ಲಾರಿ ನೋಡಿದ, ತನ್ನ ಕಾಲು ನೋಡಿಕೊಂಡ. ತಂಬಿಗೆ ಕೆಳಗಿಟ್ಟು ತನ್ನವರನ್ನು ಕರೆದ. ಅವರು ರಸ್ತೆ ಹಿಡಿದರು.

ಪುಣೆಯಿಂದ ಫೋನು ಬಂತು. ಸಾವ್ಕಾರ ಎದ್ದು ನಿಂತೇ ಮಾತಾಡಿದ. ಸಂಜೆಯೊಳಗೆ ಲಾರಿ ಹೊರಡದಿದ್ದರೆ ಠೇಕಾ ತಾಂಡೂರಿನ ಕಲ್ಲಿನವರಿಗೆ ಎಂದು ಆ ಕಡೆಯವನು ಹೇಳಿದ್ದು ಶೆಡ್ಡಿನವರೆಗೂ ಕೇಳಿತು. ಒಡೆಯುವುದಕ್ಕಾದರೂ ಕಲ್ಲು ಮೊದಲು ಲಾರಿ ಹತ್ತಬೇಕಲ್ಲ. ಸಾವ್ಕಾರ ಅಂಗಿ ಬಿಚ್ಚಿ ಕುರ್ಚಿಗೆ ಹಾಕಿದ. "ಚನ್ನು, ಹಿಡಿ ಆ ತುದಿ" ಎಂದ.

ಕಾಕಾ ಒಂದು ಕಡೆ, ಅಣ್ಣನ ಮಗ ಒಂದು ಕಡೆ. ಕಲ್ಲು ನೆಲ ಬಿಟ್ಟಿತು. ಸಾವ್ಕಾರನ ಕುತ್ತಿಗೆಯ ನರ ಉಬ್ಬಿತು. ಜೀವಮಾನವಿಡೀ ಮಾರಿದ ವಸ್ತು ಇಷ್ಟು ಭಾರವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾಲ್ಕನೆಯ ಹೆಜ್ಜೆಗೆ ನಿಂತ. "ಇಡು, ಇಡು, ಮೆಲ್ಲಗ ಇಡೋ, ಒಡದಗಿಡದೀತು" ಎಂದ. ಶೆಡ್ಡಿನಲ್ಲಿ ಯಾರೋ ಸೆರಗು ಬಾಯಿಗೆ ಹಿಡಿದು ನಕ್ಕರು. ಹೀರಾಬಾಯಿ ನಗಲಿಲ್ಲ. ದವಾಖಾನೆಯ ಮಂಚದ ಮೇಲೆ ಒಂದು ಪಾದ ಕಪ್ಪಾಗುತ್ತಿತ್ತು, ಹೊತ್ತು ಇಳಿಯುತ್ತಿತ್ತು.

ಸಾವ್ಕಾರ ಬರಿಮೈಯಲ್ಲೇ ಶೆಡ್ಡಿಗೆ ಬಂದ. ಏದುಸಿರು ತಹಬಂದಿಗೆ ಬರುವವರೆಗೆ ನಿಂತ.

"ಕಾರು ಕಳಸ್ತೀನಿ. ದುಡ್ಡು ಚನ್ನು ಕಟ್ತಾನ. ನೀವು ಏಳ್ರಿ."

"ಕಾರು ಹೋಗಲಿ."

"ಹೋಗ್ತದ ಅಂದೆನಲ್ಲ."

"ಹೋಗಲಿ ಅಂದೆ ನಾನೂ."

ಕಾರು ಹೋಯಿತು. ಸಾವ್ಕಾರ ಅಂಗಿ ತೊಡಲು ಮರೆತು ಹೆಂಗಸರ ನಡುವೆಯೇ ಒಂದು ಕಲ್ಲಿನ ಮೇಲೆ ಕುಳಿತ. ತಾಜುನ್ನಿಸಾ ಎಲೆಯಡಿಕೆಯ ಚೀಲ ಅವನ ಕಡೆ ಸರಿಸಿದಳು. ಅವನು ಯೋಚಿಸುತ್ತ ಒಂದು ಎಲೆ ತೆಗೆದುಕೊಂಡ.

"ಹೀರಾಬಾಯಿ, ನನ್ನ ಮಾತೂ ಒಂದು ಉಳಿಸು. ಅರ್ಧ ನಿಲ್ಲಸ್ರಿ, ಅರ್ಧ ಮಲಗಸ್ರಿ."

"ಇಲ್ಲ."

"ಕೆಳಗಿನ ಒಂದು ಸಾಲು. ಅದರ ಹತ್ರ ಯಾರೂ ನಿಲ್ಲೋದು ಬ್ಯಾಡ."

"ಇಲ್ರಿ."

"ಒಂದೇ ಕಲ್ಲು. ಕೊನಿಗಿ, ಮೂಲ್ಯಾಗ."

ಹೀರಾಬಾಯಿ ಅವನನ್ನು ವಾಲಿದ ಕುತ್ತಿಗೆಯಿಂದ ನೋಡಿದಳು. ಅವಳಿಗೆ ಒಂದು ಕ್ಷಣ ಅವನ ಮೇಲೆ ಅಯ್ಯೋ ಅನ್ನಿಸಿತು. ಸಂತೆಯಲ್ಲಿ ಬದನೆಕಾಯಿಗೆ ಕೊಸರುವವನ ಹಾಗೆ ತನ್ನದೇ ಕಲ್ಲು ಒಡೆಯಿರೆಂದು ಕೊಸರುತ್ತಿದ್ದ. "ಸಾವ್ಕಾರ್ರೆ, ಎಲಿ ಹಾಕ್ಕೋರಿ," ಎಂದಳು.

ಕಲಬುರಗಿಯಿಂದ ಚನ್ನುವಿನ ಫೋನು ಬಂದದ್ದು ಶೆಡ್ಡಿನ ನೆರಳು ಗೋಡೆ ಮುಟ್ಟಿದ ಮೇಲೆ. ಸೇರಿಸಿಕೊಂಡರು, ದುಡ್ಡು ಕಟ್ಟಿದೆ, ಒಳಗೆ ಒಯ್ದರು ಎಂದ. ಪಾದ ಉಳಿಯುತ್ತದಂತೆ. ಎರಡು ಬೆರಳು ಹೋಗುತ್ತವಂತೆ. ಹೀರಾಬಾಯಿ ಫೋನನ್ನು ತಾಜುನ್ನಿಸಾಳ ಕೈಗೆ ಕೊಟ್ಟಳು. ಆಮೇಲೆ ಸಿಂಬಿ ಸುತ್ತಿದಳು.

"ಏಳ್ರೆ."

ಎದ್ದರು. ಪಕ್ಕದ ಹೊಲದ ಬದುವಿನಲ್ಲಿ ಒಟ್ಟಿದ್ದ ಕಣಕಿಯನ್ನು ಕೇಳಿ ತಂದರು. ಲುಂಬಿನಿ ಹಿಡಿಯುತ್ತಿದ್ದ ತುದಿಯನ್ನು ತಾಜುನ್ನಿಸಾ ಹಿಡಿದಳು. ಕಲ್ಲು ಹಲಗೆ ಮುಟ್ಟಿತು, ಮಣಿಕಟ್ಟು ಹೊರಳಿತು, ಕಲ್ಲು ನಿಂತಿತು. ಒಂದರ ಬೆನ್ನಿಗೊಂದು. ಹೊತ್ತು ಮುಳುಗುವ ಮೊದಲು ಹೀರಾಬಾಯಿ ಲಾರಿ ಹತ್ತಿ ಅಂಗೈಯಿಂದ ಸಾಲುಸಾಲು ನೂಕಿ ನೋಡಿದಳು. ಏನೂ ಅಲುಗಲಿಲ್ಲ.

ಲಾರಿ ಗೇಟು ದಾಟಿ, ರೈಲು ಹಳಿಯ ಉಬ್ಬು ಹತ್ತಿತು. ಸಾವ್ಕಾರ ಕಿವಿಗೊಟ್ಟು ನಿಂತ. ಉಬ್ಬು ಇಳಿಯಿತು. ಒಂದು ಚಟ್ ಇಲ್ಲ. ಅವನು ನಿಟ್ಟುಸಿರು ಬಿಟ್ಟ.

"ಕಣಕಿ ಮುಗದದ," ಎಂದಳು ಹೀರಾಬಾಯಿ, ಕೈಯ ಧೂಳು ಸೆರಗಿಗೆ ಒರೆಸುತ್ತ. "ನಾಳಿಗಿ ಒಂದು ಬಂಡಿ ತರಿಸ್ರಿ."

ಸಾವ್ಕಾರ ಹ್ಞೂಂ ಎಂದು ಮೆಟ್ಟಿಲು ಹತ್ತಿದವನು ಅರ್ಧಕ್ಕೆ ನಿಂತು ತಿರುಗಿದ. ಬೆಳಗಿನಿಂದ ಇಳಿಬಿದ್ದಿದ್ದ ಮುಖದ ಮೇಲೆ ಏನೋ ಒಂದು ಕಳೆ ಮೆಲ್ಲಗೆ ಏರುತ್ತಿತ್ತು.

"ಹೀರಾಬಾಯಿ, ಕಣಕಿ ಈಗ ಭಾಳ ತುಟ್ಟಿ ಆಗ್ಯಾದ ಅಂತಾರಲ್ಲ, ಹೌದೇನು?"

ಕಲಬುರಗಿಯ ಬಸ್ಸು ದೂರದಲ್ಲಿ ದೀಪ ಹಚ್ಚಿಕೊಂಡು ಬರುತ್ತಿತ್ತು. ಲುಂಬಿನಿಗೆ ಎಚ್ಚರವಾಗುವ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಇರಬೇಕು. ಹೀರಾಬಾಯಿ ರಸ್ತೆಯ ಅಂಚಿಗೆ ಹೋಗಿ ಕೈ ಮಾಡಿದಳು.